ಐದು ಲಕ್ಷ ನಿರ್ಮಾಪಕರ ಸಿನಿಮಾ

2024ರ ಜೂನ್ 1 ಮತ್ತು 2ರಂದು ದೇಶದ ಹಲವು ನಗರಗಳ ಚಿತ್ರಮಂದಿರಗಳಲ್ಲಿ ನಲವತ್ತೆಂಟು ವರ್ಷ ಹಳೆಯ ಹಿಂದಿ ಸಿನಿಮಾ ಒಂದು ಮತ್ತೆ ತೆರೆ ಕಂಡಿತು. ಜೂನ್ 1 ವಿಶ್ವ ಹಾಲು ದಿನ. ಹಾಲಿಗೂ ಸಿನಿಮಾಕ್ಕೂ ಏನು ನಂಟು ಎಂದು ಕೇಳುವವರಿಗೆ ಚಿತ್ರದ ಶೀರ್ಷಿಕೆಗಳೇ ಉತ್ತರ ಕೊಡುತ್ತಿದ್ದವು. ನಿರ್ಮಾಪಕರ ಹೆಸರು ಬರಬೇಕಾದ ಜಾಗದಲ್ಲಿ ಗುಜರಾತಿನ ಐದು ಲಕ್ಷ ರೈತರು ಈ ಚಿತ್ರವನ್ನು ಅರ್ಪಿಸುತ್ತಿದ್ದಾರೆ ಎಂಬ ಒಕ್ಕಣೆ. ಶ್ಯಾಮ್ ಬೆನಗಲ್ ನಿರ್ದೇಶಿಸಿದ, 1976ರಲ್ಲಿ ಬಂದ ‘ಮಂಥನ್’ ಅದು. ಗಿರೀಶ ಕಾರ್ನಾಡ, ಸ್ಮಿತಾ ಪಾಟೀಲ್, ನಾಸಿರುದ್ದೀನ್ ಶಾ, ಅಮರೀಶ್ ಪುರಿ, ಕುಲಭೂಷಣ್ ಖರಬಂದಾ, ಅನಂತನಾಗ್, ಮೋಹನ್ ಅಗಾಶೆ ಎಲ್ಲರೂ ಹರೆಯದ ಹುರುಪಿನಲ್ಲಿ ಅದರಲ್ಲಿದ್ದಾರೆ.

ಹಳೆಯ ಚಿತ್ರಗಳು ಮರುಬಿಡುಗಡೆ ಆಗುವುದು ಈಗ ಅಪರೂಪವೇನಲ್ಲ. ಆದರೆ ‘ಮಂಥನ್’ ಮರಳಿ ಬಂದ ದಾರಿ ಬೇರೆಯದು. ಅದನ್ನು ಹುಟ್ಟಿಸಿದವರೂ ಹಾಲು ಮಾರುವವರು, ಮಾಸಿಹೋಗುತ್ತಿದ್ದಾಗ ದುರಸ್ತಿಗೆ ದುಡ್ಡು ಕೊಟ್ಟದ್ದೂ ಅವರದೇ ಸಂಸ್ಥೆ. ಸಿನಿಮಾ ಒಂದನ್ನು ಹಡೆದ ಸಮುದಾಯವೇ ಅರ್ಧ ಶತಮಾನದ ಬಳಿಕ ಅದರ ಆರೈಕೆಗೂ ನಿಂತ ಉದಾಹರಣೆ ನಮ್ಮ ದೇಶದಲ್ಲಿ ತೀರ ವಿರಳ.

ಅಹಮದಾಬಾದಿನಿಂದ ವಡೋದರಾಕ್ಕೆ ರೈಲಿನಲ್ಲಿ ಹೋಗುವವರಿಗೆ ನಡುವೆ ಸಿಗುವ ಊರು ಆಣಂದ್. ಅದೇ ಹಳಿ ಮುಂದೆ ಭರೂಚ್ ದಾಟಿ ಸೂರತ್‌ಗೆ ಸಾಗುತ್ತದೆ. ಈ ಹಾದಿಯ ಇಕ್ಕೆಲದ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಎರಡು ಹೊತ್ತು ಎಮ್ಮೆ ಕರೆದು, ಹಾಲನ್ನು ಊರ ಸಂಘಕ್ಕೆ ಹಾಕಿ, ಅಳತೆಗೆ, ಕೊಬ್ಬಿನ ಅಂಶಕ್ಕೆ ತಕ್ಕ ದುಡ್ಡು ಪಡೆಯುವ ಪದ್ಧತಿ ಬೇರೂರಿದ್ದು 1946ರಿಂದ ಈಚೆಗೆ. ಅಲ್ಲಿಯವರೆಗೆ ಖೇಡಾ ಜಿಲ್ಲೆಯ ಹಾಲೆಲ್ಲ ಪಾಲ್ಸನ್ ಎಂಬ ಖಾಸಗಿ ಡೇರಿಗೆ ಹೋಗುತ್ತಿತ್ತು. ದಲ್ಲಾಳಿ ಹೇಳಿದ್ದೇ ಬೆಲೆ. ಸರ್ದಾರ್ ಪಟೇಲರ ಸಲಹೆ ಕೇಳಿ ರೈತರು ಹದಿನೈದು ದಿನ ಹಾಲು ಹಾಕುವುದನ್ನೇ ನಿಲ್ಲಿಸಿದರು. ಆ ಹಟದಿಂದ ಹುಟ್ಟಿದ್ದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ. ತ್ರಿಭುವನದಾಸ್ ಪಟೇಲರು ಅದರ ಮುಂದಾಳು. 1949ರಲ್ಲಿ ಆಣಂದಿಗೆ ಬಂದ ಕೇರಳದ ಎಂಜಿನಿಯರ್ ವರ್ಗೀಸ್ ಕುರಿಯನ್ ಅದನ್ನು ಬೆಳೆಸಿದರು. ಹಾಲಿನ ವಿದ್ಯೆಯ ಮೊದಲ ಪಾಠ ಕುರಿಯನ್ನರಿಗೆ ಆದದ್ದು ಬೆಂಗಳೂರಿನ ಇಂಪೀರಿಯಲ್ ಪಶುಸಂಗೋಪನಾ ಸಂಸ್ಥೆಯಲ್ಲಿ ಎಂಬುದನ್ನು ಕನ್ನಡಿಗರು ನೆನಪಿಡಬಹುದು.

1973ರ ಹೊತ್ತಿಗೆ ಖೇಡಾ, ಮೆಹಸಾಣಾ, ಬನಾಸ್‌ಕಾಂಠಾ, ಸಾಬರ್‌ಕಾಂಠಾ, ಬರೋಡಾ, ಸೂರತ್ ಈ ಆರು ಜಿಲ್ಲೆಗಳ ಒಕ್ಕೂಟಗಳು ಕೂಡಿ ಗುಜರಾತ್ ಸಹಕಾರಿ ಹಾಲು ಮಾರಾಟ ಮಹಾಮಂಡಳವನ್ನು ಕಟ್ಟಿಕೊಂಡವು. ಅಮುಲ್ ಎಂಬ ಹೆಸರಿನ ಹಿಂದೆ ಇರುವುದು ಇದೇ ಮಹಾಮಂಡಳ. ‘ಮಂಥನ್’ ಚಿತ್ರದ ಯಜಮಾನಿಕೆಯೂ ಇದರದೇ.

ಬೆನಗಲ್ ಈ ಲೋಕಕ್ಕೆ ಹೊಸಬರಾಗಿರಲಿಲ್ಲ. ಮುಂಬಯಿಯ ಜಾಹೀರಾತು ಸಂಸ್ಥೆಗಳಲ್ಲಿ ದುಡಿಯುತ್ತ ನೂರಾರು ಕಿರುಚಿತ್ರ ತೆಗೆದಿದ್ದವರು ಅವರು. 1962ರಲ್ಲಿ ಅವರು ಮಾಡಿದ ಮೊದಲ ಸಾಕ್ಷ್ಯಚಿತ್ರ ‘ಘೇರ್ ಬೇಠಾ ಗಂಗಾ’ ಗುಜರಾತಿಯದೇ. ಹಾಲಿನ ಸಹಕಾರ ಚಳವಳಿಯ ಬಗ್ಗೆ ಕುರಿಯನ್ನರಿಗಾಗಿ ಸಾಕ್ಷ್ಯಚಿತ್ರಗಳನ್ನು ತೆಗೆಯುತ್ತ ಹಳ್ಳಿ ಹಳ್ಳಿ ಸುತ್ತಿದಾಗ ಅವರಿಗೆ ಒಂದು ಕೊರತೆ ಕಂಡಿತು. ಸಾಕ್ಷ್ಯಚಿತ್ರ ನೋಡುವವರು ಆ ವಿಷಯ ಮೊದಲೇ ಬಲ್ಲವರು, ಒಪ್ಪಿದವರು. ಒಪ್ಪದವರಿಗೆ, ಏನೂ ತಿಳಿಯದವರಿಗೆ ಮುಟ್ಟಬೇಕಾದರೆ ಕತೆ ಬೇಕು, ಪಾತ್ರಗಳು ಬೇಕು, ಜನ ಟಿಕೆಟ್ ಕೊಂಡು ಬಂದು ಕೂರುವಂಥ ಸಿನಿಮಾ ಬೇಕು. ಕುರಿಯನ್ ಅದಕ್ಕೆ ತಲೆದೂಗಿದರು. ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ದಾರಿ ಸಂಘಗಳ ದಾರಿಯೇ ಆಗಿತ್ತು. ಒಂದು ದಿನದ ಹಾಲಿನ ದುಡ್ಡಿನಲ್ಲಿ ಪ್ರತಿ ಸದಸ್ಯ ಎರಡು ರೂಪಾಯಿ ಬಿಟ್ಟುಕೊಡಬೇಕು. ಐದು ಲಕ್ಷ ಸದಸ್ಯರು, ಎರಡೆರಡು ರೂಪಾಯಿ, ಒಟ್ಟು ಹತ್ತು ಲಕ್ಷ. ಅಷ್ಟರಲ್ಲಿ ಸಿನಿಮಾ ಆಯಿತು.

ಜನರಿಂದ ಹಣ ಕೂಡಿಸಿ ಸಿನಿಮಾ ಮಾಡುವುದು ಈಗ ಕನ್ನಡಿಗರಿಗೂ ಗೊತ್ತು. 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಇಂಟರ್‌ನೆಟ್ ಮೂಲಕ ನೂರಕ್ಕೂ ಹೆಚ್ಚು ಮಂದಿಯಿಂದ ಬಂಡವಾಳ ಕೂಡಿಸಿದ್ದರು. ಆದರೆ 1976ರಲ್ಲಿ, ಫೋನೂ ಇಲ್ಲದ ಹಳ್ಳಿಗಳಲ್ಲಿ, ಓದು ಬರೆಹ ಬಾರದ ಹೆಂಗಸರೂ ಸೇರಿ ಐದು ಲಕ್ಷ ಜನರಿಂದ ದುಡ್ಡು ಕೂಡಿಸಲು ಸಾಧ್ಯವಾದದ್ದು ಸಂಘದ ಲೆಕ್ಕಪುಸ್ತಕ ಅದಾಗಲೇ ಪ್ರತಿ ಊರಲ್ಲೂ ಇದ್ದುದರಿಂದ. ಈ ಪುಸ್ತಕದ ಮೇಲೆ ಜನರಿಗೆ ನಂಬಿಕೆ ಇತ್ತು. ಹಾಕಿದ ಹಾಲಿನ ದುಡ್ಡು ತಪ್ಪದೆ ಕೈಸೇರುತ್ತಿದ್ದ ಕಾರಣ ಹುಟ್ಟಿದ ನಂಬಿಕೆ ಅದು.

ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ಸೌರಾಷ್ಟ್ರದಲ್ಲಿ, ರಾಜಕೋಟೆಯ ಬಳಿ ಇರುವ ಸಾಂಗಣವಾ ಎಂಬ ಹಳ್ಳಿ. ವಿಜಯ ತೆಂಡೂಲ್ಕರ್ ಚಿತ್ರಕತೆ, ಕೈಫಿ ಆಜ್ಮಿ ಸಂಭಾಷಣೆ, ವನರಾಜ್ ಭಾಟಿಯಾ ಸಂಗೀತ. ಪ್ರೀತಿ ಸಾಗರ್ ಹಾಡಿದ ಶೀರ್ಷಿಕೆ ಗೀತೆಗೆ ಮುಂದೆ ಫಿಲಂಫೇರ್ ಪ್ರಶಸ್ತಿಯೂ ಬಂತು. ಅಮುಲ್ ಜಾಹೀರಾತಿನ ಮೂಲಕ ಅದು ಸಿನಿಮಾ ನೋಡದವರ ಕಿವಿಯಲ್ಲೂ ಉಳಿಯಿತು. ಕ್ಯಾಮೆರಾ ಗೋವಿಂದ ನಿಹಲಾನಿ ಅವರದು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು, ಆಮೇಲೆ ಅದೇ ಸಂಸ್ಥೆಯ ಹಿರಿಯ ವಿದ್ಯಾರ್ಥಿ, ಮೈಸೂರಿನ ವಿ.ಕೆ. ಮೂರ್ತಿ ಅವರ ಕೈಕೆಳಗೆ ಪಳಗಿದವರು. ಗುರುದತ್ತರ ಚಿತ್ರಗಳಿಗೆ ಬೆಳಕು ಹಿಡಿದ ಮೂರ್ತಿ ಅವರೇ ಇವರು. ಬೆನಗಲ್ ಮನೆತನದ ಬೇರು ಕರಾವಳಿ ಕರ್ನಾಟಕದ್ದು. ಪಶುವೈದ್ಯ ಡಾ. ರಾವ್ ಆಗಿ ಧಾರವಾಡದ ಕಾರ್ನಾಡ, ಅವರ ತಂಡದ ಚಂದಾವರ್ಕರ್ ಆಗಿ ಉತ್ತರ ಕನ್ನಡದ ಅನಂತನಾಗ್. ಗುಜರಾತಿನ ರೈತರ ಹಣದಲ್ಲಿ ತಯಾರಾದ ಹಿಂದಿ ಚಿತ್ರದಲ್ಲಿ ಕನ್ನಡದ ಪಾಲು ಸಣ್ಣದಲ್ಲ.

ನಟರು ಹಳ್ಳಿಯ ಬದುಕಿಗೆ ತಮ್ಮನ್ನು ಒಗ್ಗಿಸಿಕೊಂಡರು. ದಲಿತ ಯುವಕ ಭೋಲಾನ ಪಾತ್ರ ಮಾಡಿದ ನಾಸಿರುದ್ದೀನ್ ಶಾ ಗುಡಿಸಿಲಿನಲ್ಲಿದ್ದು ಬೆರಣಿ ತಟ್ಟುವುದನ್ನು, ಎಮ್ಮೆ ಕರೆಯುವುದನ್ನು ಕಲಿತರು. ಹಾಲಿನ ಬಕೆಟ್ ಹೊತ್ತು ತಂದು ಚಿತ್ರತಂಡದವರಿಗೇ ಹಾಲು ಹಂಚುತ್ತಿದ್ದರು. ಹೊರೆ ಹೊತ್ತ ಮೈಯ ನಡಿಗೆ ಕ್ಯಾಮೆರಾ ಮುಂದೆ ಒಮ್ಮೆಲೇ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಿಂದು ಪಾತ್ರದ ಸ್ಮಿತಾ ಪಾಟೀಲ್ ಊರ ಹೆಂಗಸರ ನಡುವೆ ಕೂತಿದ್ದರೆ, ಶೂಟಿಂಗ್ ನೋಡಲು ಬಂದವರಿಗೆ ನಾಯಕಿ ಯಾರೆಂದು ಗುರುತು ಹತ್ತುತ್ತಿರಲಿಲ್ಲವಂತೆ.

ಹಣ ಹಾಕಿದವರನ್ನು ಮೆಚ್ಚಿಸುವ ಚಿತ್ರ ತೆಗೆಯುವುದು ಸುಲಭವಿತ್ತು. ಒಕ್ಕೂಟದವರು ಬಂದರು, ಹಳ್ಳಿ ಉದ್ಧಾರವಾಯಿತು ಎಂದು ಮುಗಿಸಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇವತ್ತು ಯಾರೂ ನೋಡುತ್ತಲೂ ಇರಲಿಲ್ಲ. ‘ಮಂಥನ್’ ಹಾಗಿಲ್ಲ. ಹಾಲಿನ ಸಂಘ ಕಟ್ಟಲು ಬಂದ ಡಾ. ರಾವ್‌ಗೆ ಖಾಸಗಿ ಡೇರಿಯ ಮಿಶ್ರಾ ಒಂದು ಕಡೆ ಎದುರಾದರೆ, ಸಂಘದ ಗದ್ದುಗೆ ತನ್ನದೇ ಎಂದುಕೊಂಡ ಸರಪಂಚ ಇನ್ನೊಂದು ಕಡೆ. ಚುನಾವಣೆಯಲ್ಲಿ ದಲಿತ ಅಭ್ಯರ್ಥಿ ಗೆದ್ದಾಗ ಊರಿನ ಮೇಲ್ವರ್ಗಕ್ಕೆ ಅದನ್ನು ತಡೆದುಕೊಳ್ಳಲಾಗುವುದಿಲ್ಲ. ದಲಿತರ ಕೇರಿ ಉರಿಯುತ್ತದೆ. ರಾವ್ ಮೇಲೆ ಬಿಂದುವಿನ ಹೆಸರಿನಲ್ಲಿ ಸುಳ್ಳು ದೂರು ಹುಟ್ಟುತ್ತದೆ. ತಂಡದವರದ್ದೂ ಶುದ್ಧ ನಡತೆಯಲ್ಲ. ಅನಂತನಾಗ್ ಪಾತ್ರ ಊರ ಹುಡುಗಿಯೊಬ್ಬಳನ್ನು ಬಳಸಿಕೊಂಡು ಸಿಕ್ಕಿಬೀಳುತ್ತದೆ. ಕೊನೆಗೆ ವರ್ಗಾವಣೆಯಾಗಿ ರಾವ್ ಊರು ಬಿಡಬೇಕಾಗುತ್ತದೆ. ಸಂಘ ಉಳಿಯುವುದು, ಹೊರಗಿನವರನ್ನು ನಂಬಲು ಸುತರಾಂ ಒಪ್ಪದಿದ್ದ ಭೋಲಾ ಅದನ್ನು ಕೈಗೆತ್ತಿಕೊಂಡಾಗ. ಸಹಕಾರದ ಸಾಲಿನಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುವುದರಿಂದ ಜಾತಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಚಿತ್ರ ತೋರಿಸುತ್ತದೆ, ಅಷ್ಟಕ್ಕೇ ಜಾತಿ ಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ತಮ್ಮ ಊರಿನ ಈ ಮುಖವನ್ನು ತೋರಿಸಲು ಐದು ಲಕ್ಷ ರೈತರು ದುಡ್ಡು ಕೊಟ್ಟರು ಎಂಬುದು ಈ ಚಿತ್ರದ ಚರಿತ್ರೆಯಲ್ಲೇ ದೊಡ್ಡ ಸಂಗತಿ.

ಬಿಡುಗಡೆಯಾದಾಗ ನಿರ್ಮಾಪಕರು ತಮ್ಮ ಸಿನಿಮಾ ನೋಡಲು ಹೊರಟರು. ಲಾರಿಗಳಲ್ಲಿ, ಗಾಡಿಗಳಲ್ಲಿ ಹಳ್ಳಿಗೆ ಹಳ್ಳಿಯೇ ಹತ್ತಿರದ ಪೇಟೆಯ ಟಾಕೀಸಿಗೆ ಬಂತು. ಕಲಾತ್ಮಕ ಚಿತ್ರ ಎಂಬ ಹಣೆಪಟ್ಟಿಯ ಸಿನಿಮಾ ಗುಜರಾತಿನಲ್ಲಿ ತುಂಬಿದ ಮಂದಿರಗಳಲ್ಲಿ ಓಡಿತು. ರಾಷ್ಟ್ರಪ್ರಶಸ್ತಿಗಳು ಬಂದವು, ಆಸ್ಕರ್‌ಗೆ ಭಾರತದ ಆಯ್ಕೆಯೂ ಇದೇ ಆಯಿತು. ಕುರಿಯನ್ನರಿಗೆ ಮಾತ್ರ ಅದಕ್ಕಿಂತ ಮುಖ್ಯವಾದ ಕೆಲಸ ಬಾಕಿ ಇತ್ತು. ಚಿತ್ರದ 16 ಎಂಎಂ ಪ್ರತಿಗಳನ್ನು, ಆಮೇಲೆ ವಿಡಿಯೊ ಕ್ಯಾಸೆಟ್‌ಗಳನ್ನು ಮಾಡಿಸಿ, ಸಂಘಗಳಿಲ್ಲದ ರಾಜ್ಯಗಳ ಹಳ್ಳಿಗಳಿಗೆ ಕಳಿಸಿದರು. ಸಿನಿಮಾ ತೋರಿಸಲು ಹೋಗುತ್ತಿದ್ದ ತಂಡದಲ್ಲಿ ಪಶುವೈದ್ಯರೂ, ಹಾಲಿನ ತಂತ್ರಜ್ಞರೂ, ಮೇವಿನ ವಿಷಯ ಬಲ್ಲವರೂ ಇರುತ್ತಿದ್ದರು. ತೆರೆಯ ಮೇಲೆ ಡಾ. ರಾವ್ ತಂಡ ಮಾಡಿದ್ದನ್ನೇ ತೆರೆಯ ಮುಂದೆ ಇವರು ಮಾಡುತ್ತಿದ್ದರು.

ಅದೇ ವರ್ಷಗಳಲ್ಲಿ ಕರ್ನಾಟಕದಲ್ಲೂ ಆಣಂದ್ ಮಾದರಿ ನೆಲೆಯೂರುತ್ತಿತ್ತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಹೈನು ಅಭಿವೃದ್ಧಿ ಯೋಜನೆ ಮುಂದೆ ಕರ್ನಾಟಕ ಹಾಲು ಮಹಾಮಂಡಳವಾಗಿ, ‘ನಂದಿನಿ’ಯಾಗಿ ಬೆಳೆಯಿತು. ಇವತ್ತು ಮಂಡ್ಯ, ಹಾಸನ, ಕೋಲಾರದ ಹಳ್ಳಿಗಳಲ್ಲಿ ‘ಡೇರಿಗೆ ಹಾಲು ಹಾಕಿ ಬಂದೆ’ ಎನ್ನುವ ಹೆಣ್ಣುಮಗಳಿಗೂ ಸಾಂಗಣವಾದ ಬಿಂದುವಿಗೂ ಇರುವುದು ಹತ್ತಿರದ ನಂಟು.

ಇಷ್ಟೆಲ್ಲ ಕಡೆ ಸುತ್ತಿ ಬಂದ ಚಿತ್ರಕ್ಕೂ ಮುಪ್ಪು ತಪ್ಪಲಿಲ್ಲ. ಫಿಲಂ ಎನ್ನುವುದು ರಾಸಾಯನಿಕ ಪದರ ಬಳಿದ ಪ್ಲಾಸ್ಟಿಕ್ ಪಟ್ಟಿ. ಸೆಕೆ, ತೇವ ಎರಡೂ ಅದಕ್ಕೆ ಶತ್ರು. ನಮ್ಮ ದೇಶದಲ್ಲಿ ಎರಡಕ್ಕೂ ಬರವಿಲ್ಲ. ಎಪ್ಪತ್ತರ ದಶಕದ ಬಣ್ಣದ ಪ್ರತಿಗಳಲ್ಲಿ ಮೊದಲು ನೀಲಿ, ಹಸಿರು ಮಾಯವಾಗಿ ಇಡೀ ಚಿತ್ರ ಕೆಂಪಿಗೆ ತಿರುಗುತ್ತದೆ. ಅಸಿಟೇಟ್ ಪಟ್ಟಿ ಕೊಳೆಯತೊಡಗಿದರೆ ಡಬ್ಬಿ ತೆರೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಪಟ್ಟಿ ಕುಗ್ಗುತ್ತದೆ, ಸುರುಟುತ್ತದೆ. ಬೂಷ್ಟು ಹಿಡಿದ ಕಡೆ ಮುಖಗಳೇ ಅಳಿಸಿಹೋಗುತ್ತವೆ. ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಇನ್ನೊಂದು ಗಂಡಾಂತರವೂ ಇತ್ತು. ಅವುಗಳಲ್ಲಿ ಬೆಳ್ಳಿಯ ಅಂಶವಿರುವುದರಿಂದ ಓಡಾಟ ಮುಗಿದ ಪ್ರತಿಗಳನ್ನು ಗುಜರಿಗೆ ಹಾಕಿ ಬೆಳ್ಳಿ ತೆಗೆಯುತ್ತಿದ್ದರು.

ಹೀಗೆ ಕಳೆದುಕೊಂಡದ್ದಕ್ಕೆ ಲೆಕ್ಕವಿಲ್ಲ. ಭಾರತದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾಗಿದ್ದವು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದಿರುವುದು ಮೂವತ್ತರ ಆಸುಪಾಸು. 1931ರ ಮೊದಲ ಟಾಕಿ ‘ಆಲಂ ಆರಾ’ ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ವೂ ಇಲ್ಲ. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ ಹಣ ಹಾಕಿ, ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ನಟಿಸಿ, ಕೊಲ್ಹಾಪುರದ ಸ್ಟುಡಿಯೊದಲ್ಲಿ ತಯಾರಾದ ಚಿತ್ರ. ಫೋಟೊಗಳಿವೆ, ಪತ್ರಿಕೆಗಳ ವಿವರಗಳಿವೆ, ಸಿನಿಮಾ ಇಲ್ಲ. ಆ ಕಾಲದ ನಿರ್ಮಾಪಕರಿಗೆ ಸಿನಿಮಾ ಎಂದರೆ ಒಂದು ವ್ಯಾಪಾರ. ಓಡಿದಷ್ಟು ದಿನ ಓಡಿತು, ಕಂಪನಿ ಮುಚ್ಚಿತು, ಡಬ್ಬಿಗಳಿಗೆ ವಾರಸುದಾರರಿಲ್ಲ.

‘ಮಂಥನ್’ ವಿಷಯದಲ್ಲಿ ಇದು ಉಲ್ಟಾ ಆಯಿತು. ಸಂಘಗಳು ಮುಚ್ಚಲಿಲ್ಲ. ಐದು ಲಕ್ಷ ಇದ್ದ ಸದಸ್ಯರು 36 ಲಕ್ಷವಾದರು, ಆರು ಒಕ್ಕೂಟಗಳು ಹದಿನೆಂಟಾದವು. ಸಿನಿಮಾ ಯಾರದು ಎಂದು ಹುಡುಕಿಕೊಂಡು ಹೋದರೆ ಬಾಗಿಲು ತೆರೆದಿರುವ ಕಚೇರಿ ಆಣಂದಿನಲ್ಲಿತ್ತು.

ಹುಡುಕಿಕೊಂಡು ಹೋದವರು ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್‌ನವರು. ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಕಟ್ಟಿದ ಸಂಸ್ಥೆ ಇದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಬೆಳೆಸಿದ ಪಿ.ಕೆ. ನಾಯರ್ ಬಗ್ಗೆ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ತೆಗೆಯುವಾಗಲೇ ಡುಂಗರ್‌ಪುರ್‌ಗೆ ಈ ಕೆಲಸದ ತುರ್ತು ಅರಿವಾಗಿತ್ತು. ಆ ಚಿತ್ರದಲ್ಲಿ ನಮ್ಮ ಹೆಗ್ಗೋಡು ಕೂಡ ಬರುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರುಮಾಡಿದ ಮೇಲೆ ನಾಯರ್, ಸತೀಶ್ ಬಹಾದೂರ್ ಅಂಥವರ ಒತ್ತಾಸೆಯಿಂದ ಪುಣೆಯ ಫಿಲಂ ಡಬ್ಬಿಗಳು ಮಲೆನಾಡಿನ ಆ ಹಳ್ಳಿಗೆ ಬರತೊಡಗಿದ್ದವು. ಅಡಿಕೆ ತೋಟದವರು ಡಿ ಸಿಕಾ, ಕುರೊಸಾವಾರ ಸಿನಿಮಾ ನೋಡಿ ರಾತ್ರಿಯೆಲ್ಲ ಚರ್ಚಿಸಿದ್ದು ಕನ್ನಡ ಸಂಸ್ಕೃತಿ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಗುಜರಾತಿನಲ್ಲಿ ಆರು ಒಕ್ಕೂಟಗಳು ಕೂಡಿದ್ದೂ, ಅಹಮದಾಬಾದಿನ ಥಲ್ತೇಜ್‌ನಲ್ಲಿ ಕಾರಿನಲ್ಲೇ ಕೂತು ನೋಡುವ ಬಯಲು ಟಾಕೀಸು ತೆರೆದದ್ದೂ ಅದೇ 1973ರಲ್ಲಿ. ಸಿನಿಮಾ ನೋಡುವುದು ಎಂದರೆ ಏನು ಎಂಬುದು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ಹೊಸದಾಗುತ್ತಿದ್ದ ಕಾಲ ಅದು.

‘ಮಂಥನ್’ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿತ್ತು. ಶಬ್ದಕ್ಕೆ ಮಾತ್ರ ಬೇರೆ ದಾರಿ ಹಿಡಿಯಬೇಕಾಯಿತು. ಫೌಂಡೇಶನ್ ಸಂಗ್ರಹದಲ್ಲಿದ್ದ ಒಂದು 35 ಎಂಎಂ ಪ್ರದರ್ಶನ ಪ್ರತಿಯಿಂದ ಅದನ್ನು ತೆಗೆದುಕೊಂಡರು. ಕೆಲಸ ನಡೆದದ್ದು ಚೆನ್ನೈನ ಪ್ರಸಾದ್ ಸಂಸ್ಥೆಯಲ್ಲಿ ಮತ್ತು ಇಟಲಿಯ ಬೊಲೋನ್ಯಾದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಾಲಯದಲ್ಲಿ. ಖರ್ಚು ಪೂರ್ತಿ ಗುಜರಾತ್ ಹಾಲು ಮಹಾಮಂಡಳದ್ದು.

ಇಂಥ ದುರಸ್ತಿ ಹೇಗೆ ನಡೆಯುತ್ತದೆ ಎಂಬುದು ತಿಳಿದರೆ ಅದರ ಬೆಲೆಯೂ ಅರ್ಥವಾಗುತ್ತದೆ. ಮೊದಲು ಫಿಲಂ ಪಟ್ಟಿಯನ್ನು ಅಂಗುಲ ಅಂಗುಲವಾಗಿ ಕೈಯಿಂದ ಪರೀಕ್ಷಿಸಬೇಕು. ಹರಿದ ಅಂಚಿನ ತೂತುಗಳನ್ನು, ಸಡಿಲವಾದ ಅಂಟುಗಳನ್ನು ಸರಿಮಾಡಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಏರಿಸಿದ ಕೂಡಲೇ ತುಂಡಾಗುತ್ತದೆ. ತೊಳೆದು, ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಬೇಕು. ಎರಡು ಗಂಟೆ ಹದಿನಾಲ್ಕು ನಿಮಿಷದ ಚಿತ್ರ, ಸೆಕೆಂಡಿಗೆ 24 ಚೌಕಟ್ಟು ಎಂದರೆ ಸುಮಾರು ಒಂದು ಲಕ್ಷ ತೊಂಬತ್ತಮೂರು ಸಾವಿರ ಚಿತ್ರಗಳು. ಗೀರು, ದೂಳು, ಕಲೆ, ಮಿನುಗುವಿಕೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೆಗೆಯುತ್ತ ಹೋಗಬೇಕು, ಆದರೆ ಫಿಲಂನ ಸಹಜ ಕಣಗಳನ್ನು ಮುಟ್ಟಬಾರದು. ಅದನ್ನೂ ಉಜ್ಜಿದರೆ ಮುಖಗಳು ಮೇಣದ ಬೊಂಬೆಗಳಂತೆ ಕಾಣುತ್ತವೆ. ಬಣ್ಣದ ಹದ ಹೇಗಿರಬೇಕು ಎಂದು ಯಂತ್ರ ಹೇಳಲಾರದು. ಅದು ಗೊತ್ತಿರುವುದು ಶೂಟಿಂಗ್ ದಿನ ಅಲ್ಲಿ ನಿಂತವರಿಗೆ. ನಿಹಲಾನಿ ಅವರೂ ಬೆನಗಲ್ ಅವರೂ ಈ ಕೆಲಸಕ್ಕೆ ಜತೆಯಾದರು. ಸೌರಾಷ್ಟ್ರದ ಬಿಸಿಲಿನ ಹಳದಿ ಎಷ್ಟು, ಸಂಜೆಯ ದೂಳಿನ ಕಂದು ಎಷ್ಟು ಎಂಬುದಕ್ಕೆ ಅವರ ನೆನಪೇ ಪ್ರಮಾಣ. ಇಂಥ ಕೆಲಸವನ್ನು ತಡಮಾಡಬಾರದು ಎನ್ನುವುದು ಇದೇ ಕಾರಣಕ್ಕೆ. ಪಟ್ಟಿ ಇನ್ನಷ್ಟು ದಿನ ಬಾಳಬಹುದು, ಬಲ್ಲವರು ಕಾಯುವುದಿಲ್ಲ. 2024ರ ಡಿಸೆಂಬರ್ 23ರಂದು, ತೊಂಬತ್ತು ತುಂಬಿದ ಒಂಬತ್ತನೆಯ ದಿನ ಬೆನಗಲ್ ತೀರಿಕೊಂಡರು. ಕೆಲಸ ಒಂದು ವರ್ಷ ಮುಂದಕ್ಕೆ ಹೋಗಿದ್ದರೆ ನಿರ್ದೇಶಕರ ಕಣ್ಣು ಅದರ ಮೇಲೆ ಬೀಳುತ್ತಿರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸದಾದ ‘ಮಂಥನ್’ ಮೊದಲ ಪ್ರದರ್ಶನ ಕಂಡಿತು. ನಾಸಿರುದ್ದೀನ್ ಶಾ, ಸ್ಮಿತಾ ಅವರ ಮಗ ಪ್ರತೀಕ್, ಕುರಿಯನ್ನರ ಮಗಳು ನಿರ್ಮಲಾ, ಹಾಲು ಮಹಾಮಂಡಳದ ವ್ಯವಸ್ಥಾಪಕ ನಿರ್ದೇಶಕ ಜಯೇನ್ ಮೆಹ್ತಾ ಅಲ್ಲಿದ್ದರು. ಸ್ಮಿತಾ ಮೂವತ್ತೊಂದನೆಯ ವಯಸ್ಸಿಗೇ, 1986ರಲ್ಲಿ ಹೋದವರು. ಕುರಿಯನ್ 2012ರಲ್ಲಿ, ಕಾರ್ನಾಡ 2019ರಲ್ಲಿ. ಚಿತ್ರೋತ್ಸವದ ಮನ್ನಣೆ ದೊಡ್ಡದೇ. ಆದರೂ ಮುಂದಿನ ತಿಂಗಳು ಇಲ್ಲಿನ ಊರುಗಳಲ್ಲಿ ಟಿಕೆಟ್ ಕೊಟ್ಟು ಸಿನಿಮಾ ತೋರಿಸಿದ್ದೇ ಹೆಚ್ಚು ಸರಿಯಾದ ಕೆಲಸ. ವಿದೇಶದ ಉತ್ಸವಕ್ಕೆ ಮಾತ್ರ ಹೋಗಿ ಬಂದು ಮತ್ತೆ ಡಬ್ಬಿ ಸೇರುವ ಸಿನಿಮಾ ಅರ್ಧ ಮಾತ್ರ ಉಳಿದಂತೆ.

ಸಿನಿಮಾ ಉಳಿಸಿದರೂ ಅದನ್ನು ನೋಡುವ ಮನೆಗಳು ಉಳಿಯುತ್ತಿಲ್ಲ ಎಂಬುದು ಈ ಕತೆಯ ಇನ್ನೊಂದು ಮಗ್ಗುಲು. ಲಾರಿ ತುಂಬ ರೈತರು ಬಂದು ‘ಮಂಥನ್’ ನೋಡಿದಂಥ ಒಂಟಿ ಪರದೆಯ ಟಾಕೀಸುಗಳು ಗುಜರಾತಿನಲ್ಲೂ ಒಂದೊಂದೇ ಬಾಗಿಲು ಹಾಕಿವೆ. ಆ ನೋವನ್ನು ಹೇಳಿದ ಗುಜರಾತಿ ಸಿನಿಮಾ ಪಾನ್ ನಲಿನ್ ಅವರ ‘ಛೆಲ್ಲೊ ಶೋ’. 2022ರಲ್ಲಿ ಆಸ್ಕರ್‌ಗೆ ಭಾರತದ ಆಯ್ಕೆ. ಸೌರಾಷ್ಟ್ರದ ರೈಲು ನಿಲ್ದಾಣದಲ್ಲಿ ಚಹಾ ಮಾರುವವನ ಮಗ, ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಟಾಕೀಸಿನ ಆಪರೇಟರ್ ಫಜಲ್‌ಗೆ ಕೊಟ್ಟು ಪ್ರೊಜೆಕ್ಟರ್ ಕೋಣೆಯಿಂದ ಸಿನಿಮಾ ನೋಡುತ್ತಾನೆ. ಡಿಜಿಟಲ್ ಬಂದ ದಿನ ಆ ಪ್ರೊಜೆಕ್ಟರ್ ಗುಜರಿಗೆ ಹೋಗಿ ಚಮಚಗಳಾಗುತ್ತದೆ, ರೀಲುಗಳು ಕರಗಿ ಬಳೆಗಳಾಗುತ್ತವೆ. ಹುಡುಗ ಅದನ್ನು ಹಿಂಬಾಲಿಸಿ ಹೋಗಿ ಕಣ್ಣಾರೆ ನೋಡುತ್ತಾನೆ. ಇಂಥ ದೃಶ್ಯ ಬೆಂಗಳೂರಿನವರಿಗೂ ಹೊಸದಲ್ಲ. 1968ರಲ್ಲಿ ತೆರೆದ, ಒಂದೂವರೆ ಸಾವಿರದ ಹತ್ತಿರ ಆಸನಗಳಿದ್ದ ಕಪಾಲಿ 2017ರಲ್ಲಿ ನೆಲಕ್ಕುರುಳಿತು. 1974ರ ಕಾವೇರಿ ಐವತ್ತು ವರ್ಷ ತುಂಬಿದ 2024ರಲ್ಲೇ ಮುಚ್ಚಿತು.

ಕಟ್ಟಡಗಳನ್ನು ಉಳಿಸಿದ ಉದಾಹರಣೆಗಳೂ ಇವೆ. ಮುಂಬಯಿಯ ರಾಯಲ್ ಆಪೆರಾ ಹೌಸ್ ದಶಕಗಳ ಕಾಲ ಸಿನಿಮಾ ತೋರಿಸಿ 1993ರಲ್ಲಿ ಮುಚ್ಚಿತ್ತು. ಅದರ ಒಡೆತನ ಸೌರಾಷ್ಟ್ರದ ಗೊಂಡಲ್ ರಾಜಮನೆತನದ್ದು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆಯಿತು, ಮರುವರ್ಷ ಯುನೆಸ್ಕೊ ಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ಆಸೆಯಿದ್ದ ಒಂದು ಮನೆತನವಿತ್ತು, ಕಾಯುವ ಶಕ್ತಿಯೂ ಇತ್ತು. ಪೇಟೆಬೀದಿಯ ಟಾಕೀಸಿನ ಮಾಲೀಕನಿಗೆ ಅಷ್ಟು ಕಾಲ ಕಾಯಲು ಆಗುವುದಿಲ್ಲ. ನೆಲದ ಬೆಲೆ ಏರುತ್ತಿರುತ್ತದೆ, ಮಕ್ಕಳು ಪಾಲು ಕೇಳುತ್ತಿರುತ್ತಾರೆ. ಒಬ್ಬನ ತಲೆಯ ಮೇಲೆ ಇಷ್ಟು ಹೊರೆ ಹಾಕಿ ‘ಉಳಿಸಿಕೋ’ ಎನ್ನುವುದು ನ್ಯಾಯವಲ್ಲ.

ಹಾಗಾಗಿ ಗುಜರಾತಿನ ಸಹಕಾರದ ದಾರಿ ಮತ್ತೆ ಮತ್ತೆ ನೆನಪಾಗುತ್ತದೆ. ‘ಮಂಥನ್’ ಒಂದೇ ಅಲ್ಲ. ಅದಾಗಿ ನಾಲ್ಕು ವರ್ಷಕ್ಕೆ, 1980ರಲ್ಲಿ ಬಂದ ಕೇತನ್ ಮೆಹ್ತಾರ ‘ಭವನಿ ಭವಾಯಿ’ಯನ್ನು ನಿರ್ಮಿಸಿದ್ದು ಸಂಚಾರ್ ಎಂಬ ಚಲನಚಿತ್ರ ಸಹಕಾರ ಸಂಘ. ಭವಾಯಿ ಎಂಬ ಜಾನಪದ ರಂಗಪ್ರಕಾರದ ಮಟ್ಟಿನಲ್ಲಿ ಅಸ್ಪೃಶ್ಯತೆಯ ಕತೆ ಹೇಳಿದ ಸಿನಿಮಾ ಅದು. ಆ ಕಾಲದ ಗುಜರಾತಿನಲ್ಲಿ ಇಂಥ ಪ್ರಯೋಗಕ್ಕೆ ನೆಲ ಹದವಾಗಿತ್ತು. ಅಹಮದಾಬಾದಿನ ಇಸ್ರೊ ಕೇಂದ್ರದವರು 1975ರಲ್ಲಿ ಖೇಡಾ ಜಿಲ್ಲೆಯ ಪೀಜ್ ಎಂಬಲ್ಲಿ ಸಣ್ಣ ಪ್ರಸಾರ ಕೇಂದ್ರ ಕಟ್ಟಿ ಹಳ್ಳಿಯವರ ಕತೆಗಳನ್ನು ಹಳ್ಳಿಯವರಿಗೇ ಟಿ.ವಿ.ಯಲ್ಲಿ ತೋರಿಸತೊಡಗಿದ್ದರು.

ಸಿನಿಮಾ ದುರಸ್ತಿಯ ವಿಷಯದಲ್ಲಿ ಕನ್ನಡದಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಅದೇ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲಂ ಫೌಂಡೇಶನ್ ಕೂಡಿ ಬೊಲೋನ್ಯಾದ ಅದೇ ಪ್ರಯೋಗಾಲಯದಲ್ಲಿ ದುರಸ್ತಿಗೊಳಿಸಿದವು. 2024ರಲ್ಲೇ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ಬೆಳಕು ಕಂಡಿತು. ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಮಲೆನಾಡು. ದುರಸ್ತಿಯ ಹಣ ಬಂದದ್ದು ಅಮೆರಿಕದಿಂದ, ‘ಸ್ಟಾರ್ ವಾರ್ಸ್’ ಖ್ಯಾತಿಯ ಜಾರ್ಜ್ ಲೂಕಾಸ್ ಕುಟುಂಬದ ಪ್ರತಿಷ್ಠಾನದಿಂದ. ಅವರ ಔದಾರ್ಯಕ್ಕೆ ಕನ್ನಡಿಗರು ಋಣಿಗಳು. ಆದರೆ ಸ್ವರ್ಣಕಮಲ ಪಡೆದ ಕನ್ನಡ ಸಿನಿಮಾದ ಆರೈಕೆಗೆ ಕ್ಯಾಲಿಫೋರ್ನಿಯದಿಂದ ದುಡ್ಡು ಬರಬೇಕಾಯಿತು, ಗುಜರಾತಿನ ಸಿನಿಮಾಕ್ಕೆ ಗುಜರಾತಿನ ಹಾಲಿನ ದುಡ್ಡೇ ಸಾಕಾಯಿತು ಎಂಬ ವ್ಯತ್ಯಾಸ ಮನಸ್ಸಿಗೆ ನಾಟದೆ ಇರದು.

ಎಪ್ಪತ್ತು, ಎಂಬತ್ತರ ದಶಕದ ಕನ್ನಡ ಚಿತ್ರಗಳಿಗೆ ದುಡಿದ ಅನೇಕ ಛಾಯಾಗ್ರಾಹಕರು, ಸಂಕಲನಕಾರರು, ಶಬ್ದಗ್ರಾಹಕರು ಇನ್ನೂ ನಮ್ಮ ನಡುವೆ ಇದ್ದಾರೆ. ಬಣ್ಣ ಹೇಗಿತ್ತು, ಶಬ್ದ ಹೇಗಿತ್ತು ಎಂದು ಹೇಳಬಲ್ಲವರು ಅವರು. ಕರ್ನಾಟಕದ ಹಾಲು ಸಂಘಗಳಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಿವೆ, ಊರೂರಿಗೆ ಪತ್ತಿನ ಸಂಘಗಳಿವೆ, ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು ಲಾಭ ಹಂಚುತ್ತವೆ. 1976ರ ಎರಡು ರೂಪಾಯಿ ಇವತ್ತಿಗೆ ಒಂದು ಲೀಟರ್ ಹಾಲಿನ ಬೆಲೆಗಿಂತ ಹೆಚ್ಚೇನೂ ಆಗುವುದಿಲ್ಲ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ, ಲಾಭಾಂಶ ಮತ್ತು ಪಶು ವಿಮೆಯ ನಡುವೆ, ತಮ್ಮ ಸೀಮೆಯ ಒಂದು ಸಿನಿಮಾದ ಹೆಸರನ್ನು ಸೇರಿಸಲು ಯಾವ ಸಂಘದ ಬೈಲಾವೂ ಅಡ್ಡಬರಬೇಕಿಲ್ಲ.